ಕೊಲೆಯ ಕತೆಯಲ್ಲಿ ಕಾರ್ಮಿಕನ ಲೆಕ್ಕ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಪತ್ತೇದಾರಿ ಕಾದಂಬರಿಯೆಂದರೆ ನಮ್ಮ ಹಿರಿಯರಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ದಿನವೆಲ್ಲ ಬೆವರು ಸುರಿಸಿ ಬಂದವನಿಗೆ ರಾತ್ರಿ ಹೊತ್ತು ಕೊಲೆ, ರಕ್ತ, ಕತ್ತಲೆಗಳ ಕತೆ ಏತಕ್ಕೆಂದು ಕೇಳುತ್ತಾರೆ. ಆದರೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹಿಡಿದೇ ಕನ್ನಡ ಓದಿನ ರುಚಿ ಹತ್ತಿಸಿಕೊಂಡವರು ಹೋಟೆಲಿನ ಅಟ್ಟಗಳಲ್ಲಿಯೂ ಗಿರಣಿಯ ಚಾಳುಗಳಲ್ಲಿಯೂ ಇದ್ದರೆಂಬುದನ್ನು ಅವರೂ ಬಲ್ಲರು.

ಇಂದು ನಾವು ಹೇಳಹೊರಟಿರುವುದು ಬೇರೊಬ್ಬ ಪತ್ತೇದಾರಿಯ ವಿಷಯ. ಈಕೆ ಹೆಂಗಸು. ಊರು ಅಮೆರಿಕದ ಶಿಕಾಗೊ. ಹೆಸರು ವಿ. ಐ. ವಾರ್ಶಾವ್‌ಸ್ಕಿ. ಈ ಮಾಲೆಯನ್ನು ಬರೆದವರು ಸಾರಾ ಪರೆಟ್ಸ್ಕಿ. ವಿಮಾ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತಲೇ ಅವರು ಬರೆದ ಮೊದಲ ಕಾದಂಬರಿ ‘ಇಂಡೆಮ್ನಿಟಿ ಓನ್ಲಿ’ ಪ್ರಕಟವಾದದ್ದು 1982ರಲ್ಲಿ. ಅದೇ ವರ್ಷದ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಏನು ಆರಂಭವಾಯಿತೆಂದು ಈ ಸಭೆಗೆ ನಾವು ಹೇಳಿಕೊಡಬೇಕಾಗಿಲ್ಲ.

ಅಲ್ಲಿಯ ತನಕ ಅಮೆರಿಕದ ಪತ್ತೇದಾರಿ ಕತೆಗಳಲ್ಲಿ ಹೆಂಗಸಿಗೆ ಬಹುಮಟ್ಟಿಗೆ ಎರಡೇ ಪಾತ್ರ: ಗಂಡಸನ್ನು ಕೆಡಿಸುವ ಮೋಹಿನಿ, ಇಲ್ಲವೇ ಕೊಲೆಯಾಗಿ ಬಿದ್ದ ಹೆಣ. ವಾರ್ಶಾವ್‌ಸ್ಕಿ ಎರಡೂ ಅಲ್ಲ, ದುಡಿದು ತಿನ್ನುವವಳು. ತಂದೆ ಪೋಲಿಷ್ ಮೂಲದ ಪೊಲೀಸಿನವನು, ತಾಯಿ ಇಟಲಿಯಿಂದ ಜೀವ ಉಳಿಸಿಕೊಂಡು ಬಂದ ಗಾಯಕಿ. ಬೆಳೆದದ್ದು ದಕ್ಷಿಣ ಶಿಕಾಗೊದ ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ. ವಕೀಲಿ ಓದಿ, ಬಡ ಆರೋಪಿಗಳ ಪರ ವಾದಿಸಿ, ಕೊನೆಗೆ ಸ್ವಂತ ಪತ್ತೇದಾರಿಗೆ ಇಳಿದವಳು. ಬಾಡಿಗೆಯ ಚಿಂತೆ ಅವಳಿಗೂ ಉಂಟು. ಅವಳ ಕೆಳಮನೆಯ ಮುದುಕ ಕಾಂಟ್ರೆರಾಸ್ ನಿವೃತ್ತ ಮೆಷಿನಿಸ್ಟ್. ಗಲಾಟೆಯ ಸದ್ದು ಕೇಳಿದರೆ ಪೈಪಿನ ಪಾನಾ ಹಿಡಿದೇ ಓಡಿಬರುತ್ತಾನೆ. ಅಂಥವರು ನಮ್ಮ ಚಾಳಿನಲ್ಲಿಯೂ ಇಲ್ಲವೇ?

ದಕ್ಷಿಣ ಶಿಕಾಗೊ ಕತೆಗಾಗಿ ಕಟ್ಟಿದ ಊರಲ್ಲ. 1980ರ ಮಾರ್ಚಿನಲ್ಲಿ ಅಲ್ಲಿಯ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ ಏಕಾಏಕಿ ಬಾಗಿಲು ಹಾಕಿತು. 3,000ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಅವರ ಕೈಗೆ ಬಂದ ಕೊನೆಯ ಸಂಬಳದ ಚೆಕ್ಕುಗಳು ಬ್ಯಾಂಕಿನಿಂದ ಹಿಂದಿರುಗಿದವು. ಅಲ್ಲಿಯದೇ ಆದ ಯು. ಎಸ್. ಸ್ಟೀಲಿನ ದೊಡ್ಡ ಕಾರ್ಖಾನೆ 1992ರಲ್ಲಿ ಮುಚ್ಚಿತು. ಈ ಮಾಲೆಯ ಕತ್ತಲೆ ಬಂದದ್ದು ಆರಿದ ಆ ಕುಲುಮೆಗಳಿಂದ.

1988ರ ‘ಬ್ಲಡ್ ಶಾಟ್’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಹಳೆಯ ನೆರೆಮನೆಯ ಹುಡುಗಿ ಕ್ಯಾರೊಲಿನ್, ತನ್ನ ತಂದೆ ಯಾರೆಂದು ಹುಡುಕಿಕೊಡಲು ವಾರ್ಶಾವ್‌ಸ್ಕಿಯನ್ನು ಕೇಳಿಕೊಳ್ಳುತ್ತಾಳೆ. ಕ್ಯಾರೊಲಿನಳ ತಾಯಿ ಲೂಯಿಸಾ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದು, ಮೂತ್ರಪಿಂಡ ಕೆಟ್ಟು, ಹಾಸಿಗೆ ಹಿಡಿದಿದ್ದಾಳೆ. ಅವಳ ಜತೆಗೆ ದುಡಿದವರನ್ನು ವಿಚಾರಿಸುತ್ತ ಹೋದಂತೆ ಒಂದು ಕೊಲೆ ನಡೆಯುತ್ತದೆ. ವಾರ್ಶಾವ್‌ಸ್ಕಿಯನ್ನೇ ಹೊಡೆದು ಕೆಸರಿನ ಕೊಳದಲ್ಲಿ ಸಾಯಲು ಎಸೆಯುತ್ತಾರೆ. ಕಡೆಗೆ ಗುಟ್ಟು ಬಯಲಾಗುವುದು ಚೂರಿಯಿಂದಲ್ಲ, ಕಂಪನಿಯ ಡಾಕ್ಟರನ ಹಳೆಯ ನೋಟುಪುಸ್ತಕಗಳಿಂದ. ವರ್ಷ ವರ್ಷವೂ ಕಾರ್ಮಿಕರ ರಕ್ತ ತೆಗೆದು ಪರೀಕ್ಷಿಸಿದ್ದರು, ಫಲಿತಾಂಶವನ್ನೂ ಬರೆದಿಟ್ಟಿದ್ದರು. ರಕ್ತ ಕೊಟ್ಟವರಿಗೆ ಮಾತ್ರ ಹೇಳಿರಲಿಲ್ಲ.

ಬಂಧುಗಳೇ, ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ಕೊಲೆಗಾರನ ಹೆಸರು ಪುಸ್ತಕ ಮುಚ್ಚಿದ ಮೇಲೆ ಮರೆತುಹೋಗಬಹುದು. ಆ ನೋಟುಪುಸ್ತಕ ಮರೆಯುವಂಥದಲ್ಲ. ಹತ್ತಿಯ ಧೂಳು ಎಳೆದು ಕೆಮ್ಮಿದವರು ನಮ್ಮಲ್ಲಿ ಇದ್ದರು. ಆ ಕೆಮ್ಮಿಗೆ ಬಿಸಿನೋಸಿಸ್ ಎಂಬ ಹೆಸರಿದೆ, ಕಾನೂನಿನ ಪ್ರಕಾರ ಪರಿಹಾರವೂ ಉಂಟು ಎಂದು ಅವರಲ್ಲಿ ಎಷ್ಟು ಮಂದಿಗೆ ಯಾರು ಹೇಳಿದರು? 1984ರ ಭೋಪಾಲದ ದುರಂತದ ಬಳಿಕ, 1987ರಲ್ಲಿ, ಅಪಾಯಕರ ಕೆಲಸದಲ್ಲಿರುವವರ ಆರೋಗ್ಯದ ದಾಖಲೆ ಅವರಿಗೂ ದೊರೆಯಬೇಕೆಂದು ನಮ್ಮ ಕಾರ್ಖಾನೆ ಕಾಯಿದೆಗೆ ಹೊಸ ಕಲಮು ಸೇರಿಸಿದರು. ಹಕ್ಕು ಕಾಗದದ ಮೇಲೆ ಬಂದಿತು. ಕೇಳಲು ಹೋದವರೆಷ್ಟು ಜನ?

ಇನ್ನೊಂದು ಮಾತು ಕೆಲವರಿಗೆ ರುಚಿಸಲಾರದು. ಮೊದಲ ಕಾದಂಬರಿಯಲ್ಲಿ ಮೋಸದ ಪಾಲುದಾರರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷನೂ ಒಬ್ಬ. ಲೇಖಕಿ ಧಣಿಗಳನ್ನು ಬಿಟ್ಟಿಲ್ಲ, ನಮ್ಮವರನ್ನೂ ಬಿಟ್ಟಿಲ್ಲ. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ಧಣಿಯ ಲೆಕ್ಕ ಕೇಳುವವರು ತಮ್ಮ ಸಂಘದ ಲೆಕ್ಕವನ್ನು ಸದಸ್ಯರೆದುರು ಬಿಚ್ಚಿಡಬೇಕು.

ಈ ಪುಸ್ತಕಗಳಲ್ಲಿ ಹಿಂಸೆಯಿದೆ, ಹೇಸಿಗೆಯೂ ಇದೆ. ಚಿಕ್ಕ ಹುಡುಗರ ಕೈಗೆ ಕೊಡತಕ್ಕವಲ್ಲ. ಒಂದು ಕೊರತೆಯನ್ನೂ ಹೇಳಬೇಕು. ಎಲ್ಲವನ್ನೂ ಒಬ್ಬಳೇ ಹೆಂಗಸು ಎದೆಗೊಟ್ಟು ಗೆಲ್ಲುತ್ತಾಳೆಂಬುದು ಕತೆಯಲ್ಲಿ ಚೆಂದ; ಬಾಳಿನಲ್ಲಿ ಹಾಗಾಗುವುದಿಲ್ಲ. ಅವಳು ಗೆದ್ದ ಮೇಲೆಯೂ ಲೂಯಿಸಾಳ ಮೈ ನೆಟ್ಟಗಾಗುವುದಿಲ್ಲ, ಮುಚ್ಚಿದ ಕಾರ್ಖಾನೆ ತೆರೆಯುವುದಿಲ್ಲ. ಲೇಖಕಿಗೆ ಇದು ಚೆನ್ನಾಗಿ ಗೊತ್ತು. ತನ್ನ ಬಾಳಿನಲ್ಲಿ ಅವರು ಒಂಟಿಯಾಗಿ ಹೋರಾಡಲಿಲ್ಲ. 1986ರಲ್ಲಿ ಬೇರೆ ಲೇಖಕಿಯರನ್ನು ಕೂಡಿಸಿ ‘ಸಿಸ್ಟರ್ಸ್ ಇನ್ ಕ್ರೈಮ್’ ಎಂಬ ಸಂಘ ಕಟ್ಟಿದರು. ಪತ್ರಿಕೆಗಳು ಗಂಡಸರ ಪುಸ್ತಕಗಳಿಗೆ ಎಷ್ಟು ವಿಮರ್ಶೆ ಬರೆಯುತ್ತವೆ, ಹೆಂಗಸರ ಪುಸ್ತಕಗಳಿಗೆ ಎಷ್ಟು ಎಂದು ಆ ಸಂಘದವರು ಎಣಿಸಿ ತೋರಿಸಿದರು. ಅಲ್ಲಿಯೂ ಕೆಲಸಕ್ಕೆ ಬಂದದ್ದು ಲೆಕ್ಕವೇ, ಒಗ್ಗಟ್ಟೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಇಂಗ್ಲಿಷ್ ಬಲ್ಲವರು ಈ ಕಾದಂಬರಿಗಳನ್ನು ಓದಿ, ವಾರಕ್ಕೊಂದು ರಾತ್ರಿ ಉಳಿದವರಿಗೆ ಕನ್ನಡದಲ್ಲಿ ಹೇಳಲಿ. ಕತೆ ಕೇಳಿದವರು ಮರುದಿನ ತಮ್ಮ ಟ್ರಂಕು ತೆಗೆದು ನೋಡಲಿ. ಪ್ರಾವಿಡೆಂಟ್ ಫಂಡಿನ ಚೀಟಿ ಇದೆಯೇ? ಇ.ಎಸ್.ಐ. ಕಾರ್ಡು ಇದೆಯೇ? ಆಸ್ಪತ್ರೆಯಲ್ಲಿ ರಕ್ತ ಕೊಟ್ಟಿದ್ದರೆ ಅದರ ವರದಿ ಎಲ್ಲಿ? ಹೋಟೆಲಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿದೆಯೇ, ಅಥವಾ ಹತ್ತು ವರ್ಷ ದುಡಿದೂ ನಾವು ಅಲ್ಲಿ ಇಲ್ಲವೇ? ಕಾಗದ ಸಿಗದಿದ್ದರೆ ಒಬ್ಬೊಬ್ಬರೇ ಹೋಗಿ ಬೇಡುವುದು ಬೇಡ. ಸಂಘಕ್ಕೆ ಬನ್ನಿ, ಕೂಡಿ ಕೇಳೋಣ.

ಪತ್ತೇದಾರಿಯ ಮುಖ್ಯ ಆಯುಧ ಪಿಸ್ತೂಲಲ್ಲ, ಬಿಡದೆ ಕೇಳುವ ಪ್ರಶ್ನೆ. ಅದಕ್ಕೆ ಯಾರ ಲೈಸೆನ್ಸೂ ಬೇಕಾಗಿಲ್ಲ.