ಸುಮ್ಮನೆ ನಿಂತ ಹೋರಿ, ಬಾಲ ಸರಿಸದ ಇಲಿ



ಟ್ರೆವಿಸ್‌ ಚೌಕಟ್ಟಿನಲ್ಲಿ ದೇವಣಿ ತಳಿಯ ಹೋರಿಯನ್ನು ನಿಲ್ಲಿಸಿ, ಮೂಗುದಾರ ಬಿಗಿಹಿಡಿದು, ಬೀಜ ಒಡೆಯುವ ಬರ್ಡಿಜೊ ಇಕ್ಕಳ ಹಾಕುವ ಗಳಿಗೆಯನ್ನು ನೆನಪಿಸಿಕೊಳ್ಳಿ. ಅಲ್ಲಿಯವರೆಗೆ ಒದ್ದಾಡುತ್ತಿದ್ದ ಪ್ರಾಣಿ ಎಷ್ಟೋ ಸಲ ತಟ್ಟನೆ ಸುಮ್ಮನಾಗುತ್ತದೆ. ‘ನೋಡ್ರಿ ಡಾಕ್ಟ್ರೇ, ಅದಕ್ಕೇನೂ ನೋವೇ ಆಗಲಿಲ್ಲ’ ಎನ್ನುತ್ತಾನೆ ಹಗ್ಗ ಹಿಡಿದ ರೈತ. ನಾವೂ ತಲೆಯಾಡಿಸಿ ಮುಂದಿನ ಹೋರಿಗೆ ಹೋಗುತ್ತೇವೆ. ಆ ಸುಮ್ಮನಿರುವಿಕೆಯ ಒಳಗೆ ಏನಿದೆ? ಸಂಕಿರಣದ ಈ ಎರಡು ದಿನ ಪಶುವೈದ್ಯರಾದ ನಾವು ಕೇಳಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರದ ದಾರಿ ತೋರಿಸಿದ್ದು ಇಲಿಗಳು.

ಇಲಿಯ ನೋವನ್ನು ಅಳೆಯುವ ಹಳೆಯ ಕ್ರಮ ಸರಳ. ಬಾಲದ ಮೇಲೆ ಬಿಸಿಯ ಕಿರಣ ಬಿಡುವುದು, ಎಷ್ಟು ಸೆಕೆಂಡಿಗೆ ಬಾಲ ಸರಿಸುತ್ತದೆಂದು ಗುರುತಿಸುವುದು. 1941ರಲ್ಲಿ ಡಿ’ಅಮೂರ್ ಮತ್ತು ಸ್ಮಿತ್ ರೂಪಿಸಿದ ಈ ಪರೀಕ್ಷೆ ಇಂದಿಗೂ ನಡೆಯುತ್ತಿದೆ. ಮಾರ್ಫಿನ್ ಕೊಟ್ಟರೆ ಬಾಲ ತಡವಾಗಿ ಸರಿಯುತ್ತದೆ. ಆದರೆ ಯಾವ ಔಷಧವನ್ನೂ ಕೊಡದೆ, ಬರೀ ಹೆದರಿಸಿದರೂ ತಡವಾಗುತ್ತದೆ. ಒತ್ತಡದಿಂದ ಬರುವ ಈ ನೋವುಮರೆವು ಎಲ್ಲಿಂದ ಬಂತು?

ಇಲ್ಲಿ ನ್ಯಾಲೊಕ್ಸೋನ್ ನೆರವಿಗೆ ಬಂತು. ಅದು ಮಾರ್ಫಿನ್ ಕೂರುವ ಓಪಿಯಾಯ್ಡ್ ಗ್ರಾಹಕದ ಮೇಲೆಯೇ ಕುಳಿತುಕೊಳ್ಳುತ್ತದೆ, ಆದರೆ ಅದನ್ನು ಚಾಲೂ ಮಾಡುವುದಿಲ್ಲ. ಬೀಗದೊಳಗೆ ಹೋಗಿಯೂ ತಿರುಗದ ಕೀಲಿ. ಅದು ಒಳಗಿರುವಷ್ಟು ಹೊತ್ತು ಸರಿಯಾದ ಕೀಲಿಗೂ ಜಾಗವಿಲ್ಲ. 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಆ ಬೀಗವನ್ನು ಪತ್ತೆಹಚ್ಚಿದ್ದೂ ವಿಕಿರಣದ ಗುರುತು ಹಚ್ಚಿದ ನ್ಯಾಲೊಕ್ಸೋನ್‌ನಿಂದಲೇ. ಅಫೀಮಿಗಾಗಿ ಮಿದುಳು ಬೀಗ ಇಟ್ಟುಕೊಂಡಿರಲಾರದಲ್ಲ! 1975ರಲ್ಲಿ ಅಬರ್ಡೀನ್‌ನ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಾಲಿನ್ ಬೇರ್ಪಡಿಸಿ ತೋರಿಸಿದರು. ಕೀಲಿ ದೇಹದೊಳಗೇ ತಯಾರಾಗುತ್ತಿತ್ತು.

ಅಂಥದೇ ಇನ್ನೊಂದು ಕೀಲಿಯಾದ ಎಂಡಾರ್ಫಿನ್ ಹುಟ್ಟುವ ಬಗೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಪಿಟ್ಯುಟರಿಯಲ್ಲಿ ಒಂದೇ ದೊಡ್ಡ ಪ್ರೋಟೀನು ತುಂಡಾಗಿ ಒತ್ತಡದ ಹಾರ್ಮೋನಾದ ಎಸಿಟಿಎಚ್ ಮತ್ತು ಬೀಟಾ-ಎಂಡಾರ್ಫಿನ್ ಎರಡೂ ಹೊರಬರುತ್ತವೆ. ಗಾಬರಿ, ನೋವುಶಮನ ಎರಡಕ್ಕೂ ಒಂದೇ ತಾಯಿ. ಹಾಗಾದರೆ ಹೆದರಿದ ಇಲಿಗೆ ನ್ಯಾಲೊಕ್ಸೋನ್ ಕೊಟ್ಟರೆ ನೋವು ಮರಳಬೇಕು. ಮರಳುತ್ತದೆ, ಆದರೆ ಯಾವಾಗಲೂ ಅಲ್ಲ. 1980ರಲ್ಲಿ ಲೂಯಿಸ್, ಕ್ಯಾನನ್ ಮತ್ತು ಲೀಬೆಸ್ಕಿಂಡ್ ಇಲಿಗಳ ಪಾದಕ್ಕೆ ಎರಡು ರೀತಿಯಲ್ಲಿ ವಿದ್ಯುತ್ ಆಘಾತ ಕೊಟ್ಟರು. ಅರ್ಧ ಗಂಟೆ ಬಿಟ್ಟುಬಿಟ್ಟು ಕೊಟ್ಟಾಗ ಬಂದ ನೋವುಮರೆವನ್ನು ನ್ಯಾಲೊಕ್ಸೋನ್ ತಡೆಯಿತು. ಮೂರು ನಿಮಿಷ ಎಡೆಬಿಡದೆ ಕೊಟ್ಟಾಗ ಬಂದದ್ದನ್ನು ತಡೆಯಲಿಲ್ಲ. ಈ ಎರಡನೆಯ ದಾರಿಯಲ್ಲಿ ದೇಹದ ಸ್ವಂತ ಕ್ಯಾನಬಿನಾಯ್ಡ್‌ಗಳ ಪಾಲಿದೆ ಎಂದು 2005ರಲ್ಲಿ ಹೋಮನ್ ತಂಡ ತೋರಿಸಿತು. ಒತ್ತಡ ದಿನಗಟ್ಟಲೆ ಮುಂದುವರಿದರೆ ಕಥೆ ತಿರುಗುಮುರುಗಾಗಿ, ಸಣ್ಣ ನೋವೂ ದೊಡ್ಡದಾಗಬಹುದು. ಇಲಿಯಲ್ಲೂ ಹಾಗೆ, ಮನುಷ್ಯನಲ್ಲೂ ಹಾಗೆ.

ಇಲಿಗೂ ಹೋರಿಗೂ ಎಲ್ಲಿಯ ನಂಟು ಎನ್ನುವವರಿಗೆ ಕುದುರೆಯ ಉದಾಹರಣೆ ಕೊಡುತ್ತೇನೆ. ಮೇಲ್ತುಟಿಗೆ ಹಗ್ಗದ ಕುಣಿಕೆ ಹಾಕಿ ತಿರುಚಿದರೆ ಕುದುರೆ ಮಂಕಾಗಿ ನಿಲ್ಲುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಲಾಗರ್‌ವೈ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗ ಅದರ ರಕ್ತದಲ್ಲಿ ಬೀಟಾ-ಎಂಡಾರ್ಫಿನ್ ಏರಿತ್ತು. ನ್ಯಾಲೊಕ್ಸೋನ್ ಕೊಟ್ಟರೆ ಆ ಪರಿಣಾಮ ಅಡಗುತ್ತಿತ್ತು. ನಮ್ಮ ಮೂಗುದಾರದ ಬಿಗಿತದಲ್ಲಿ ಇದೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಪರೀಕ್ಷಿಸಲು ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವ್‌ನ ದೇವಣಿ ತಳಿ ಕೇಂದ್ರಕ್ಕಿಂತ ಒಳ್ಳೆಯ ಜಾಗ ಯಾವುದು?

ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಇದೇ ಬಾಲದ ಪರೀಕ್ಷೆಯಲ್ಲಿ ನನ್ನ ಎರಡು ದಿನಗಳ ಅಂಕಿಅಂಶ ಪೂರ್ತಿ ಕೆಟ್ಟುಹೋಗಿತ್ತು. ಬರೀ ಲವಣದ್ರಾವಣ ಪಡೆದ ಇಲಿಗಳೂ ಬಾಲ ಸರಿಸುತ್ತಿರಲಿಲ್ಲ. ದೀಪ ಬದಲಿಸಿದೆ, ಉಪಕರಣ ಬದಲಿಸಿದೆ. ಕೊನೆಗೆ ತಿಳಿದದ್ದು, ಪಂಜರಗಳನ್ನು ಕೈಗಾಡಿಯಲ್ಲಿ ಗಡಗಡ ಎಳೆದು ತಂದ ಕೂಡಲೇ ನಾನು ಪರೀಕ್ಷೆಗೆ ಕೂರುತ್ತಿದ್ದೆ. ಒಂದು ಗಂಟೆ ಬಿಟ್ಟು ಮಾಡಿದೆ, ಅಂಕಿಗಳು ನೆಟ್ಟಗಾದವು. ಆ ಎರಡು ದಿನ ನಾನು ಅಳೆದದ್ದು ಇಲಿಗಳ ಭಯವನ್ನು. ಮುಂದೆ 2014ರಲ್ಲಿ ಮಾಂಟ್ರಿಯಲ್‌ನ ಜೆಫ್ರಿ ಮೊಗಿಲ್ ಅವರ ಪ್ರಯೋಗಾಲಯದಿಂದ ಬಂದ ಸುದ್ದಿ ಓದಿದಾಗ ಅದೆಲ್ಲ ನೆನಪಾಯಿತು. ಗಂಡಸರು ತೊಟ್ಟ ಅಂಗಿಯ ವಾಸನೆಯೇ ಇಲಿಗಳಲ್ಲಿ ಒತ್ತಡ ಏರಿಸಿ ನೋವಿನ ಕುರುಹನ್ನು ಅಡಗಿಸುತ್ತದಂತೆ. ಪರೀಕ್ಷಿಸಿದವರು ಗಂಡಸೋ ಹೆಂಗಸೋ ಎಂದು ನಮ್ಮ ಎಷ್ಟು ಪ್ರಬಂಧಗಳಲ್ಲಿ ಬರೆದಿದ್ದೇವೆ?

ಇನ್ನೊಂದು ಮಾತು, ಕ್ಷೇತ್ರದಲ್ಲಿರುವವರಿಗೆ. ಹಿಂದೆ ಆಘಾತ ತಿಂದ ಪೆಟ್ಟಿಗೆಯಲ್ಲೇ ಮತ್ತೆ ಇಳಿಸಿದರೆ ಸಾಕು, ಈ ಸಲ ಆಘಾತ ಕೊಡದಿದ್ದರೂ ಇಲಿಗೆ ನೋವಿನ ಅರಿವು ಕುಗ್ಗುತ್ತದೆ. ಜಾಗವೇ ಅದಕ್ಕೆ ನೆನಪು. ಔರಾದ್‌ನ ಯಾವುದೋ ಹಳ್ಳಿಯ ಎಮ್ಮೆ ಎರಡನೇ ಸಲ ಅದೇ ಟ್ರೆವಿಸ್‌ಗೆ ಬಂದು ಮರದ ಹಾಗೆ ನಿಂತರೆ, ಅದನ್ನು ‘ಸಾಧು’ ಎಂದು ಕೇಸ್ ಶೀಟಿನಲ್ಲಿ ಬರೆಯುವ ಮುನ್ನ ತಡೆಯಿರಿ. ಒತ್ತಡದ ನೋವುಮರೆವು ಕರಗಿದ ಮೇಲೆ, ಅದು ಹಟ್ಟಿಗೆ ಮರಳಿದ ರಾತ್ರಿ, ಮೇವು ಬಿಟ್ಟು ಮಲಗಿದ್ದನ್ನು ನೋಡುವವಳು ಆ ಮನೆಯ ಹೆಣ್ಣುಮಗಳು, ನಾವಲ್ಲ. ಹೋರಿ ಅಲುಗದೆ ನಿಂತಿತ್ತೆಂದು ಮರಗಟ್ಟಿಸುವ ಸೂಜಿಯನ್ನೋ ನೋವುನಿವಾರಕ ಮೆಲೊಕ್ಸಿಕ್ಯಾಮ್ ಅನ್ನೋ ಬಿಡುವುದು ನನ್ನ ಮಟ್ಟಿಗೆ ಚಿಕಿತ್ಸೆಯ ಲೋಪ.

ಈ ಸಂಕಿರಣದಿಂದ ನಾನು ಬಯಸುವುದು ಎರಡು ಚಿಕ್ಕ ಸಂಗತಿ. ಪ್ರಾಣಿಯನ್ನು ತಂದು ಎಷ್ಟು ಹೊತ್ತಾಯಿತು, ಯಾರು ಹಿಡಿದಿದ್ದರು, ಹಿಂದೆ ಇದೇ ಜಾಗಕ್ಕೆ ಬಂದಿತ್ತೇ ಎಂಬ ಮೂರು ಕಾಲಂ ನಮ್ಮ ಪ್ರಯೋಗದ ರಿಜಿಸ್ಟರಿನಲ್ಲೂ ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲೂ ಸೇರಬೇಕು. ಮರುದಿನ ಬೆಳಿಗ್ಗೆ ಆ ಮನೆಗೆ ಒಂದು ಫೋನ್ ಹೋಗಬೇಕು, ಹಾಲು ಹಿಂಡಿದವರನ್ನೇ ಕೇಳಬೇಕು. ಕಾಲಂಗಳ ನಮೂನೆಯನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಕೂತು ನೀವೇ ಬರೆಯಿರಿ. ಭಾಲ್ಕಿಯಿಂದ ಬಂದಿರುವ ಪಶುವೈದ್ಯ ಮಿತ್ರರು ಮೊದಲು ಮಾತಾಡಲಿ.