ಎದೆಯ ಬಿಸುಪು



ರೋಣ, ನರಗುಂದ, ಗಜೇಂದ್ರಗಡದ ಕಡೆ ದಿನ ತುಂಬದೆ ಹೆರಿಗೆಯಾಯಿತೆಂದರೆ ಬಂಧುಗಳು ಮೊದಲು ಕೇಳುವುದು, ‘ಕೂಸನ್ನ ಪೆಟಗ್ಯಾಗ ಇಟ್ಟಾರೇನ್ರಿ?’ ಎಂದು. ಕೂಸು ತೀರ ಸಣ್ಣದಿದ್ದರೆ ಗದಗಿಗೋ ಹುಬ್ಬಳ್ಳಿಗೋ ಒಯ್ಯಬೇಕಾಗುತ್ತದೆ. ಎಷ್ಟೋ ಸಲ ಬಾಣಂತಿ ಒಂದೂರಲ್ಲಿ, ಕೂಸು ಇನ್ನೊಂದೂರಲ್ಲಿ. ಕುಂಚಿಗೆ, ದುಪಟಿಗಳ ಗಂಟು ಹಿಡಿದು ಆಯಿ ಶಿಶು ಘಟಕದ ಬಾಗಿಲ ಹೊರಗೆ ಕೂತಿರುತ್ತಾಳೆ.

ಆ ಬಾಗಿಲು ಆಕೆಗೂ ತೆರೆಯಬೇಕು ಎಂಬುದೇ ನನ್ನ ಇವತ್ತಿನ ಮಾತು.

1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ಡಾ. ಎಡ್ಗರ್ ರೇ ಸಣ್ಣ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ದಿನ ತುಂಬದ ಕೂಸಿನ ತೊಗಲಡಿ ಕೊಬ್ಬು ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ. ತಲೆಗೆ ಕುಲಾವಿ ಹಾಕಿ, ಬರಿಮೈಯಲ್ಲಿ ಎದೆಗೆ ನೆಟ್ಟಗೆ ಒರಗಿಸಿ, ಮೇಲೆ ಬಟ್ಟೆ ಬಿಗಿದರೆ ತಾಯಿಯ ಬಿಸುಪು ಕೂಸಿಗಿಳಿಯುತ್ತದೆ, ಹಾಲೂ ಇಳಿಯುತ್ತದೆ. ಭಾರತವೂ ಸೇರಿ 5 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಮಾಡಿದಾಗ 28 ದಿನದೊಳಗಿನ ಸಾವು ಕಾಲುಭಾಗದಷ್ಟು ಕಡಿಮೆಯಾಯಿತು. ಅವು ಎರಡು ಕಿಲೋನೂ ತೂಗದ ಕೂಸುಗಳು! ದಿನಕ್ಕೆ ಕನಿಷ್ಠ 8 ತಾಸಾದರೂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದೂರದ ಮಾತೇಕೆ, ಗಜೇಂದ್ರಗಡ ದಾಟಿದರೆ ಸಿಗುವ ಕೊಪ್ಪಳ ಜಿಲ್ಲೆಯಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರಕಾರದ ಜೊತೆಗೂಡಿ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಇದನ್ನು ಆಸ್ಪತ್ರೆಯಲ್ಲೂ ಮನೆಯಲ್ಲೂ ಮಾಡಿಸಿದರು.

ಆದರೆ ಹಸಿ ಬಾಣಂತಿ 8 ತಾಸು ಒಬ್ಬಳೇ ಹೇಗೆ ಕೂತಾಳು? ಆಕೆ ಉಣ್ಣಬೇಕು, ನಿದ್ದೆ ಮಾಡಬೇಕು. ಆಗ ಅಪ್ಪ ಬೇಕು, ಆಯಿ ಬೇಕು. ಮನೆಯವರಿಗೆ ಕಲಿಸಿ ಅವರನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ಕೇಂದ್ರ ಸರಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಾಣಂತಿಗೊಂದು ಒರಗು ಕುರ್ಚಿ, ಹೊತ್ತಿಗೆ ಬಿಸಿ ಊಟ ಇಲ್ಲದ ಕಡೆ ಅದು ಕಾಗದದಲ್ಲೇ ಉಳಿಯುತ್ತದೆ. ನೆಗಡಿ ಕೆಮ್ಮಿದ್ದವರು ದೂರ ಇರಲಿ. ಉಳಿದವರು ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆದು ಒಳಗೆ ಹೋಗಲಿ.

ಎರೆ ಹೊಲದಲ್ಲಿ ದುಡಿದು ಕೈ ಒರಟಾದ ತಂದೆ ಇಷ್ಟು ಸಣ್ಣ ಕೂಸನ್ನು ಮುಟ್ಟಲು ಅಂಜುತ್ತಾನೆ. ‘ನನ್ನ ಕೈಲಿ ಆಗೂದಿಲ್ರಿ ಸಿಸ್ಟರ್’ ಎನ್ನುತ್ತಾನೆ. ಸಿಸ್ಟರ್ ಸಮಾಧಾನದಿಂದ ಅವನ ಅಂಗಿ ಗುಂಡಿ ಬಿಚ್ಚಿಸಿ, ಕೂಸನ್ನು ಎದೆಗಿಟ್ಟು, ಅವನ ಅಂಗೈಯನ್ನೇ ಅದರ ಬೆನ್ನಿಗೆ ಆನಿಸಲಿ. ಅಷ್ಟು ಹೊತ್ತು ಅವ್ವ ಕಣ್ಣು ಮುಚ್ಚಲಿ.