ಮಹಾಪಧಮನಿಯ ಉಬ್ಬು: ಚಿಕಿತ್ಸೆಯ ನಂತರದ ವರ್ಷಗಳು
(ಹೆಸರಘಟ್ಟದ ದಂಪತಿಗಳ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ತಾಯಿ ಮಗುವಿನ ಆರೋಗ್ಯವೇ ನಮ್ಮ ನೆನಪಿಗೆ ಬರುತ್ತದೆ. ಆದರೆ ಮನೆಯ ಹಿರಿಯರ ಆರೈಕೆಯ ಹೊಣೆಯೂ ತಮ್ಮಂತಹ ದಂಪತಿಗಳದೇ ಆಗಿರುವುದರಿಂದ, ಅವರಿಗೆ ಬರಬಹುದಾದ ಒಂದು ಗುಪ್ತ ವ್ಯಾಧಿಯ ವಿಚಾರವನ್ನು, ಅದರಲ್ಲಿಯೂ ಚಿಕಿತ್ಸೆ ಮುಗಿಸಿ ಮನೆಗೆ ಬಂದ ನಂತರದ ವಿಚಾರವನ್ನು, ಇಂದು ತಮ್ಮ ಮುಂದಿಡಬಯಸುತ್ತೇನೆ.

ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಮೂಲಕ ಇಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸು, ಬೀಡಿ ಸಿಗರೇಟಿನ ಚಟ, ರಕ್ತದ ಒತ್ತಡ ಇವುಗಳಿಂದ ಕೆಲವರಲ್ಲಿ ಇದರ ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಗಂಡಸರಲ್ಲಿ ಉಬ್ಬು 5.5 ಸೆಂಟಿಮೀಟರ್ ತಲುಪಿದಾಗ, ಒಡೆಯುವ ಭಯವಿರುವುದರಿಂದ, ವೈದ್ಯರು ದುರಸ್ತಿಗೆ ಸಲಹೆ ನೀಡುತ್ತಾರೆ. ವಿಜ್ಞಾನಿ ಐನ್‌ಸ್ಟೈನ್ 1955ರಲ್ಲಿ ಇಂತಹ ಉಬ್ಬು ಒಡೆದೇ ತೀರಿಕೊಂಡರು.

ಹಿಂದೆ ಹೊಟ್ಟೆಯನ್ನು ತೆರೆದೇ ಶಸ್ತ್ರಚಿಕಿತ್ಸೆ ಮಾಡಬೇಕಾಗಿತ್ತು. 1990ರಲ್ಲಿ ಅರ್ಜೆಂಟೀನಾದ ಡಾ. ಹುವಾನ್ ಪರೋಡಿಯವರು ತೊಡೆಸಂದಿನ ರಕ್ತನಾಳದ ಮೂಲಕವೇ ಬಟ್ಟೆಯ ಕೊಳವೆಯೊಂದನ್ನು ಉಬ್ಬಿನೊಳಕ್ಕೆ ಸೇರಿಸಿ, ಲೋಹದ ಬಲೆಯಿಂದ ಅದನ್ನು ಬಿಗಿದು ನಿಲ್ಲಿಸಿದರು. ಇದೇ ಸ್ಟೆಂಟ್ ಗ್ರಾಫ್ಟ್. ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಗಾಯ ಚಿಕ್ಕದು, ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾನೆ.

ತೊಡಕಿನ ಮೂಲವೂ ಇಲ್ಲಿಯೇ ಇದೆ. ಇಷ್ಟು ಸುಲಭವಾಗಿ ಗುಣವಾದ ಮೇಲೆ ಮತ್ತೆ ಆಸ್ಪತ್ರೆಗೇಕೆ ಎಂದು ಜನ ಭಾವಿಸುತ್ತಾರೆ. ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 1,252 ರೋಗಿಗಳನ್ನು ಸೇರಿಸಿಕೊಂಡು ಎರಡು ವಿಧಾನಗಳನ್ನೂ ಹೋಲಿಸಿದರು. ಮೊದಲ ತಿಂಗಳಲ್ಲಿ ಮೃತರಾದವರು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ಸುಮಾರು ನಾಲ್ವರು, ಸ್ಟೆಂಟಿನಲ್ಲಿ ಸುಮಾರು ಇಬ್ಬರು. ಆದರೆ ಎಂಟು ವರ್ಷಗಳು ಕಳೆದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಸ್ಟೆಂಟ್ ಹಾಕಿಸಿಕೊಂಡವರಲ್ಲಿಯೇ ಸಾವು ಹೆಚ್ಚಿತು. ಹಳೆಯ ಉಬ್ಬು ಮತ್ತೆ ಒಡೆದದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಹೆಸರಘಟ್ಟದ ಕೆರೆಯಿಂದ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತಿತ್ತು. ನೀರಿನ ಕೊಳವೆಯ ಸಂದು ಸಡಿಲವಾದರೆ ಏನಾಗುವುದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನೀರು ಮೊದಲು ಮಣ್ಣಿನೊಳಗೇ ಇಂಗುತ್ತದೆ, ನೆಲ ಕುಸಿದಾಗಲೇ ಅದು ಕಣ್ಣಿಗೆ ಬೀಳುತ್ತದೆ. ಸ್ಟೆಂಟಿನ ತುದಿ ಸಡಿಲವಾದರೂ, ಜಾರಿದರೂ, ರಕ್ತ ಹಳೆಯ ಉಬ್ಬಿನೊಳಕ್ಕೆ ಹೀಗೆಯೇ ಸದ್ದಿಲ್ಲದೆ ಸೋರುತ್ತದೆ. ಬೆನ್ನಿನ ಕಡೆಯ ಸಣ್ಣ ರಕ್ತನಾಳಗಳಿಂದಲೂ ರಕ್ತ ಒಳಬರುವುದುಂಟು; ಉಬ್ಬು ಬೆಳೆಯದಿದ್ದಲ್ಲಿ ಇದಕ್ಕೆ ಅಷ್ಟಾಗಿ ಹೆದರಬೇಕಾಗಿಲ್ಲ.

ಯಾರಿಗೆ ಮುಂದೆ ತೊಂದರೆಯಾದೀತೆಂದು ಮೊದಲೇ ಹೇಳಬಹುದೇ? ಖಚಿತವಾಗಿ ಅಲ್ಲ, ಆದರೆ ಬಹುಮಟ್ಟಿಗೆ ಊಹಿಸಬಹುದು. ಮೂತ್ರಪಿಂಡದ ರಕ್ತನಾಳಗಳಿಗೂ ಉಬ್ಬಿಗೂ ನಡುವೆ ಇರುವ ಸರಿಯಾದ ಭಾಗವನ್ನು ವೈದ್ಯರು ಉಬ್ಬಿನ ಕತ್ತು ಎನ್ನುತ್ತಾರೆ. ಸ್ಟೆಂಟಿನ ಹಿಡಿತವೆಲ್ಲ ಅಲ್ಲಿಯೇ. ಆ ಕತ್ತು ಗಿಡ್ಡವಾಗಿದ್ದರೆ, ಅಗಲವಾಗಿದ್ದರೆ ಅಥವಾ ತೀರ ಬಾಗಿದ್ದರೆ ಹಿಡಿತ ಸಡಿಲವಾಗುವ ಸಂಭವ ಹೆಚ್ಚು. ಮೊದಲೇ ಬಹಳ ದೊಡ್ಡದಾಗಿದ್ದ ಉಬ್ಬು, ಕಾಲುಗಳ ಕಡೆಗೆ ಕವಲೊಡೆಯುವ ನಾಳಗಳೂ ಹಿಗ್ಗಿರುವುದು, ಇವೂ ಎಚ್ಚರಿಕೆಯ ಗುರುತುಗಳೇ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸುಲಭವಾಗಿ ತಿಳಿಯುವ ಸೂಚನೆ ಮೊದಲ ವರ್ಷದ ಅಳತೆ. ಉಬ್ಬು 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದ್ದರೆ ಶುಭಲಕ್ಷಣ. ಕುಗ್ಗದೇ ಇದ್ದರೆ ನಿಗಾ ಬಿಡಬಾರದು. ಅಷ್ಟೇ ಬೆಳೆದಿದ್ದರೆ ಕಾರಣವನ್ನು ಕೂಡಲೇ ಹುಡುಕಬೇಕು. ಅನೇಕ ಸೋರಿಕೆಗಳನ್ನು ತೊಡೆಸಂದಿನ ದಾರಿಯಿಂದಲೇ ಮತ್ತೆ ಸರಿಪಡಿಸಬಹುದು.

ಆದುದರಿಂದ ಮೊದಲ ತಿಂಗಳು ಸಿ.ಟಿ. ಸ್ಕ್ಯಾನ್, ಅನಂತರ ವೈದ್ಯರು ಗೊತ್ತುಮಾಡಿದಂತೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಪರೀಕ್ಷೆ. ಸಿ.ಟಿ.ಗೆ ಕೊಡುವ ಔಷಧಿ ಮೂತ್ರಪಿಂಡದ ದೋಷವುಳ್ಳವರಿಗೆ ಒಗ್ಗದಿರಬಹುದು; ಮೊದಲೇ ತಿಳಿಸಿದರೆ ಅಲ್ಟ್ರಾಸೌಂಡ್‌ನಿಂದ ನೋಡುವ ಮಾರ್ಗವೂ ಇದೆ. ಹೊಲದಲ್ಲಿ ದುಡಿಯುವಷ್ಟು ಚೇತರಿಸಿಕೊಂಡ ತಂದೆಯವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮಗನ ಮಾತಿಗಿಂತ ಸೊಸೆಯ ಮಾತಿಗೆ ಬೆಲೆಯಿರುವ ಮನೆಗಳೂ ಉಂಟು. ಅಂತಹ ಕಡೆ ಆಕೆಯೇ ಹೇಳಲಿ.

ಹೊಟ್ಟೆ ಅಥವಾ ಬೆನ್ನಿನಲ್ಲಿ ಹಠಾತ್ ನೋವು, ಬೆವರು, ತಲೆಸುತ್ತು ಕಂಡರೆ ಗಂಟೆಯನ್ನೂ ಕಾಯದೆ 108ಕ್ಕೆ ಕರೆಮಾಡಿ, ಸ್ಟೆಂಟ್ ಇರುವ ಸಂಗತಿಯನ್ನು ಮೊದಲು ತಿಳಿಸಬೇಕು. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡು ನೋಯತೊಡಗಿದರೆ ಕೊಳವೆಯ ಕವಲು ಕಟ್ಟಿಕೊಂಡಿರಬಹುದು. ಆಗಲೂ ಹಾಗೆಯೇ ಮಾಡಬೇಕು. ಬಿಡದ ಜ್ವರವನ್ನೂ ವೈದ್ಯರಿಗೆ ತೋರಿಸಬೇಕು.

ರೋಗಿಯ ಒಡಹುಟ್ಟಿದವರಿಗೂ ಗಂಡುಮಕ್ಕಳಿಗೂ ಈ ಉಬ್ಬು ಬರುವ ಸಂಭವ ಇತರರಿಗಿಂತ ಹೆಚ್ಚು. ಯಾವ ವಯಸ್ಸಿನಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಅವರೂ ವೈದ್ಯರನ್ನು ಕೇಳಿ ತಿಳಿಯಲಿ. ಸ್ಕ್ಯಾನ್ ಚಿತ್ರಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ಜಮೀನಿನ ಪಹಣಿಯ ಜೊತೆಯಲ್ಲಿಯೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಅಳತೆಯನ್ನು ಹೋಲಿಸಲು ವೈದ್ಯರು ಈ ವರ್ಷದ್ದನ್ನೇ ಕೇಳುತ್ತಾರೆ.